ಬೀದಿಗೆ ಬರಲಿ ಟೇಬಲ್ ಟೆನಿಸ್

ಪೌರತ್ವ ತರಬೇತಿ ಶಿಬಿರ ಎಂದರೆ ಒಂದು ಜಾಥಾ ಇದ್ದೇ ಇರುತ್ತದೆ. ಬ್ಯಾನರ್ ಹಿಡಿದು, ಘೋಷಣೆ ಕೂಗುತ್ತ, ಎರಡು ಸಾಲಾಗಿ ಊರು ಸುತ್ತುತ್ತೇವೆ. ಅಂಗಡಿಯವರು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಚಿಲ್ಲರೆ ಎಣಿಸತೊಡಗುತ್ತಾರೆ. ಮುಂದಿನ ಶಿಬಿರದಲ್ಲಿ ಬ್ಯಾನರ್ ಬದಲು ನಾಲ್ಕು ಬ್ಯಾಟು, ಒಂದು ಡಜನ್ ಚೆಂಡು, ಒಂದು ನೆಟ್ಟು ಹಿಡಿದು ಹೊರಡೋಣ. ಶಾಲೆಯ ಮೈದಾನದಲ್ಲಿ, ಅರಳಿಕಟ್ಟೆಯ ಪಕ್ಕದಲ್ಲಿ, ಸಂತೆ ಮುಗಿದ ಬಯಲಿನಲ್ಲಿ ಟೇಬಲ್ ಟೆನಿಸ್ ಆಡಿ ತೋರಿಸೋಣ ಎಂಬುದು ನನ್ನ ಸಲಹೆ. ತಮಾಷೆಗೆ ಹೇಳುತ್ತಿಲ್ಲ. ಆಟ ಮಾತ್ರ ತಮಾಷೆಯಾಗಿಯೇ ಇರಬೇಕು.

ಹೀಗೆ ಆಡುತ್ತ ಊರು ಸುತ್ತಿದವರು ಹಿಂದೆಯೂ ಇದ್ದರು. 1950ರ ಆಸುಪಾಸಿನಲ್ಲಿ ಅಮೆರಿಕದ ಮಾರ್ಟಿ ರೀಸ್‌ಮನ್ ಮತ್ತು ಡಗ್ ಕಾರ್ಟ್‌ಲೆಂಡ್ ಎಂಬ ಇಬ್ಬರು ಆಟಗಾರರು ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಬಾಸ್ಕೆಟ್‌ಬಾಲ್ ತಂಡದ ಜೊತೆ ತಿರುಗುತ್ತ, ಬ್ಯಾಟಿನ ಬದಲು ಬಾಣಲೆಯಲ್ಲಿ ಚೆಂಡು ಹೊಡೆದು ಮಕ್ಕಳ ಹಾಡಿನ ರಾಗ ಹೊರಡಿಸುತ್ತಿದ್ದರು. ಫ್ರಾನ್ಸಿನ ಜಾಕ್ ಸೆಕ್ರೆತಾಂ ಇನ್ನೂ ದೊಡ್ಡ ಹೆಸರು. 1977ರಲ್ಲಿ ಕ್ಲೋದ್ ಬೆರ್ಜೆರೆ ಜೊತೆ ಮಿಶ್ರ ಡಬಲ್ಸ್‌ನಲ್ಲಿ ವಿಶ್ವ ಚಾಂಪಿಯನ್ ಆದವರು. ಅಂಥವರು ವಿನ್ಸೆಂಟ್ ಪುರ್ಕಾರ್ ಎಂಬ ಜೊತೆಗಾರನೊಂದಿಗೆ ವರ್ಷಗಟ್ಟಲೆ ಊರೂರು ಅಲೆದು ನಗೆಯಾಟದ ಟೇಬಲ್ ಟೆನಿಸ್ ಪ್ರದರ್ಶನ ಕೊಟ್ಟರು. ಪದಕ ಗೆದ್ದವರು ಕೋಡಂಗಿಯಾಗಲು ನಾಚಿಕೊಳ್ಳಲಿಲ್ಲ. 2010ರಲ್ಲಿ ಲಂಡನ್ನಿನಲ್ಲಿ ಬೀದಿ, ಚೌಕಗಳಲ್ಲೆಲ್ಲ ಟೇಬಲ್‌ಗಳನ್ನಿಟ್ಟು, ದಾರಿಹೋಕರು ಯಾರು ಬೇಕಾದರೂ ಆಡಲಿ ಎಂದು ಬಿಟ್ಟಿದ್ದರು. ಜರ್ಮನಿಯ ಉದ್ಯಾನಗಳಲ್ಲಂತೂ ಕಾಂಕ್ರೀಟಿನ ಟೇಬಲ್‌ಗಳು ಕಾಯಂ ಆಗಿ ನಿಂತಿವೆ.

ನಮ್ಮಲ್ಲಿ ಊರು ಸುತ್ತುವ ಪದ್ಧತಿಗೇನು ಬರವಿಲ್ಲ. ನೀನಾಸಂ ತಿರುಗಾಟ 1985ರಿಂದ ನಾಟಕಗಳನ್ನು ಹೊತ್ತು ರಾಜ್ಯ ಸುತ್ತುತ್ತಿದೆ. 1987ರಲ್ಲಿ ಭಾರತ ಜನ ವಿಜ್ಞಾನ ಜಾಥಾ ದೇಶದ ಐದು ಕಡೆಗಳಿಂದ ಹೊರಟು, ದಾರಿಯುದ್ದಕ್ಕೂ ಹಾಡು, ಬೀದಿನಾಟಕ ಮಾಡುತ್ತ ಭೋಪಾಲದಲ್ಲಿ ಕೂಡಿತ್ತು. ಇವೆರಡಕ್ಕೂ ತಲೆಬಾಗುತ್ತಲೇ ಒಂದು ಮಾತು. ಅಲ್ಲಿ ನೋಡುವವರು ಕೊನೆಯವರೆಗೂ ನೋಡುವವರೇ. ಬೀದಿಯ ಟೇಬಲ್ ಟೆನಿಸ್‌ನಲ್ಲಿ ಹತ್ತನೇ ನಿಮಿಷಕ್ಕೆ ಬ್ಯಾಟು ನೋಡುವವರ ಕೈಗೆ ಹೋಗುತ್ತದೆ, ಹೋಗಲೇಬೇಕು. ಯಲಹಂಕದವರಾದ ನಮಗೆ ಈ ವ್ಯತ್ಯಾಸ ಬೇಗ ಅರ್ಥವಾಗುತ್ತದೆ. 1996ರಿಂದ ಇಲ್ಲಿನ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುತ್ತಿದೆ. ಆ ವಾರವಿಡೀ ಮಕ್ಕಳು ಮಹಡಿಯ ಮೇಲೆ ಕತ್ತೆತ್ತಿ ನಿಂತಿರುತ್ತಾರೆ, ನಮ್ಮ ಪಾಠ ಆ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಪ್ರದರ್ಶನವೇನೋ ಅದ್ಭುತ. ಆದರೆ ವಿಮಾನವನ್ನು ಯಾರೂ ಮಗುವಿನ ಕೈಗೆ ಕೊಟ್ಟು 'ಈಗ ನೀನು' ಎನ್ನುವುದಿಲ್ಲವಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಪಂದ್ಯದಲ್ಲಿ ಆಡುವವನಿಗೆ ರ‍್ಯಾಲಿ ಬೇಗ ಮುಗಿಯಬೇಕು, ತನ್ನ ಪರವಾಗಿ. ಅದಕ್ಕೆಂದೇ ತರಬೇತುದಾರರು 'ಮೂರನೇ ಚೆಂಡಿನ ದಾಳಿ' ಕಲಿಸುತ್ತಾರೆ: ಮೊದಲನೆಯದು ನನ್ನ ಸರ್ವೀಸ್, ಎರಡನೆಯದು ಎದುರಾಳಿಯ ಉತ್ತರ, ಮೂರನೆಯದರಲ್ಲಿ ನಾನು ಹೊಡೆದು ಮುಗಿಸಬೇಕು. ಪ್ರದರ್ಶನದ ಆಟ ಇದಕ್ಕೆ ಪೂರಾ ವಿರುದ್ಧ. ಅಲ್ಲಿ ಚೆಂಡು ಸತ್ತರೆ ಇಬ್ಬರ ಆಟವೂ ಕೆಟ್ಟಂತೆ. ಒಬ್ಬ ಸ್ಮ್ಯಾಶ್ ಮಾಡಿದರೆ ಇನ್ನೊಬ್ಬ ಬಹುದೂರ ಹಿಂದೆ ಸರಿದು, ಎತ್ತರದ ಲಾಬ್ ಕೊಟ್ಟು, ಮತ್ತೊಮ್ಮೆ ಹೊಡೆಯಲು ಅವನಿಗೇ ಅವಕಾಶ ಮಾಡಿಕೊಡುತ್ತಾನೆ. ನೋಡುವವರಿಗೆ ನಗು ಬರುವುದು, ಉಸಿರು ಬಿಗಿಯುವುದು ಎರಡೂ ಅಲ್ಲೇ. ಲಾಬ್ ಕೊಡುವುದು ಸ್ಮ್ಯಾಶ್‌ಗಿಂತ ಕಷ್ಟದ ಕೆಲಸ ಎಂದು ಆಡಿದವರಿಗೆ ಗೊತ್ತು.

ಇದನ್ನು ಬೋಧನಾಭ್ಯಾಸ ಪತ್ರಿಕೆಯಲ್ಲಿ ಏಕೆ ಬರೆಯುತ್ತಿದ್ದೇನೆ? ಫ್ಲ್ಯಾಂಡರ್ಸ್ ಅಂತರ್ಕ್ರಿಯಾ ವಿಶ್ಲೇಷಣೆಯನ್ನು ನಾವೆಲ್ಲ ಪರೀಕ್ಷೆಗೆ ಓದುತ್ತೇವೆ. ಹತ್ತು ವರ್ಗಗಳು, ಮೂರು ಸೆಕೆಂಡಿಗೊಮ್ಮೆ ಒಂದು ಅಂಕಿ. ಈ ಸಲದ ಸಹಪಾಠಿ ವೀಕ್ಷಣೆಯಲ್ಲಿ ನಾನು ಕೊನೆಯ ಬೆಂಚಿನಲ್ಲಿ ಕುಳಿತು ನಿಜವಾಗಿಯೂ ಅಂಕಿ ಬರೆದೆ. ನಮ್ಮ ತಂಡದ ಪಾಠಗಳಲ್ಲಿ ಪದೇಪದೇ ಬಂದ ಸರಣಿ ಇದು: 4-8-2-5. ಅಂದರೆ ಶಿಕ್ಷಕಿಯ ಪ್ರಶ್ನೆ, ವಿದ್ಯಾರ್ಥಿಯ ಉತ್ತರ, ಹೊಗಳಿಕೆ, ಉಪನ್ಯಾಸ. 'ನೀರಿನಲ್ಲಿ ಕಲ್ಲು ಯಾಕೆ ಹಗುರ ಅನ್ಸುತ್ತೆ?' 'ನೀರು ಎತ್ತುತ್ತೆ ಮಿಸ್.' 'ವೆರಿ ಗುಡ್. ಇದನ್ನೇ ಪ್ಲವನತೆ ಅಂತೀವಿ, ಬರ್ಕೊಳ್ಳಿ.' ಸರ್ವೀಸ್, ಉತ್ತರ, ಮೂರನೇ ಚೆಂಡಿನಲ್ಲಿ ಸ್ಮ್ಯಾಶ್. ಆ ಹುಡುಗಿಗೆ ಚೆಂಡು ಮತ್ತೆ ಬರಲೇ ಇಲ್ಲ. 'ಎತ್ತುತ್ತೆ ಅಂತ ನಿಂಗೆ ಹೇಗೆ ಗೊತ್ತಾಯ್ತು?' ಎಂದು ಒಂದು ಲಾಬ್ ಕೊಟ್ಟಿದ್ದರೆ ಬಾವಿಯಲ್ಲಿ ಬಿಂದಿಗೆ ಸೇದಿದ ಕಥೆಯೋ ಇನ್ನೇನೋ ಹೊರಬರುತ್ತಿತ್ತು. ಒಂಬತ್ತನೇ ವರ್ಗ, ಅಂದರೆ ವಿದ್ಯಾರ್ಥಿ ತಾನಾಗಿ ಆಡುವ ಮಾತು, ನನ್ನ ಹಾಳೆಯಲ್ಲಿ ಹುಡುಕಿದರೂ ಸಿಗುವಂತಿರಲಿಲ್ಲ.

ಸೂಕ್ಷ್ಮಬೋಧನೆಯಲ್ಲಿ ಶೋಧಕ ಪ್ರಶ್ನೆಯ ಕೌಶಲವನ್ನು ನಮಗೆ ಕಲಿಸಿಲ್ಲವೇ? ಕಲಿಸಿದ್ದಾರೆ. ಐದಾರು ನಿಮಿಷ, ಎದುರಿಗೆ ಕೂತವರು ನಮ್ಮವರೇ, ಉತ್ತರ ಎಲ್ಲರಿಗೂ ಮೊದಲೇ ಗೊತ್ತು. ಗೊತ್ತಿರುವ ಉತ್ತರಕ್ಕೆ ಲಾಬ್ ಕೊಡಬೇಕಾದ ಅಗತ್ಯವೇ ಬೀಳುವುದಿಲ್ಲ. ಬೀದಿಯಲ್ಲಿ ಹಾಗಲ್ಲ. ಎದುರಿಗೆ ಬ್ಯಾಟು ಹಿಡಿದು ನಿಂತ ಆಟೋ ಚಾಲಕರು ಚೆಂಡನ್ನು ಎತ್ತ ಹೊಡೆಯುತ್ತಾರೋ ದೇವರೇ ಬಲ್ಲ. ಅದು ಎಲ್ಲಿಗೇ ಹೋಗಲಿ, ಹೋಗಿ ಎತ್ತಿ, ಅವರು ಮತ್ತೆ ಹೊಡೆಯಬಲ್ಲ ಜಾಗಕ್ಕೇ ಕಳಿಸಬೇಕು. ಹೀಗೆ ಒಂದು ಗಂಟೆ ನಿಂತ ಪ್ರಶಿಕ್ಷಣಾರ್ಥಿಗೆ ತರಗತಿಯಲ್ಲಿ ಮಗುವಿನ ಅಡ್ಡಾದಿಡ್ಡಿ ಉತ್ತರ ಬಂದಾಗ ಕೈ ತಾನಾಗಿ ಮುಂದೆ ಹೋಗುತ್ತದೆ ಎಂಬುದು ನನ್ನ ನಂಬಿಕೆ. ಇದಕ್ಕೆ ಸಂಶೋಧನೆಯ ಆಧಾರ ಕೇಳುವವರು ಕ್ರಿಯಾ ಸಂಶೋಧನೆಯ ವಿಷಯವಾಗಿ ಇದನ್ನೇ ಎತ್ತಿಕೊಳ್ಳಬಹುದು. ವಿಷಯ ಸಿಗದೆ ಒದ್ದಾಡುವವರು ನಮ್ಮಲ್ಲಿ ಕಡಿಮೆಯಿಲ್ಲ.

'ಟೇಬಲ್ ಎಲ್ಲಿಂದ ತರುತ್ತೀರಿ?' ಎಂಬುದು ಎಲ್ಲರೂ ಕೇಳುವ ಮೊದಲ ಪ್ರಶ್ನೆ. ನಾನು ಅಭ್ಯಾಸಕ್ಕೆ ಹೋದ ಶಾಲೆಯಲ್ಲಿ ಒಳ್ಳೆಯ ಟೇಬಲ್ ಇದೆ. ಅದರ ಮೇಲೆ ಹಂಚಿ ಉಳಿದ ಪಠ್ಯಪುಸ್ತಕಗಳ ಗಂಟು, ಕೋಣೆಗೆ ಬೀಗ. 'ಮಕ್ಕಳು ಹಾಳು ಮಾಡ್ತಾರೆ ಮೇಡಂ, ಇನ್‌ಸ್ಪೆಕ್ಷನ್ ದಿನ ತೆಗೀತೀವಿ' ಎಂಬ ಉತ್ತರ ಬಂತು. ಸರಿ, ಟೇಬಲ್ ಬೇಡ. ನಿಯಮಪುಸ್ತಕವೇ ನಮ್ಮ ಪರವಾಗಿದೆ. ಅಳತೆ 2.74 ಮೀಟರ್ ಉದ್ದ, 1.525 ಮೀಟರ್ ಅಗಲ, 76 ಸೆಂಟಿಮೀಟರ್ ಎತ್ತರ ಎಂದು ಬಿಗಿಯಾಗಿ ಹೇಳಿದರೂ, ಮೇಲ್ಮೈ ಯಾವ ವಸ್ತುವಿನದಾದರೂ ಆಗಬಹುದು ಎನ್ನುತ್ತದೆ. ಷರತ್ತು ಒಂದೇ: 30 ಸೆಂಟಿಮೀಟರ್ ಎತ್ತರದಿಂದ ಬಿಟ್ಟ ಚೆಂಡು ಎಲ್ಲ ಕಡೆಯೂ ಸುಮಾರು 23 ಸೆಂಟಿಮೀಟರ್ ಪುಟಿಯಬೇಕು. ಬ್ಯಾಟಿನ ಗಾತ್ರ, ಆಕಾರ, ತೂಕಕ್ಕೂ ಕಟ್ಟುಪಾಡಿಲ್ಲ. ಊಟದ ಮೇಜಿನ ಮೇಲೆ ಹುಟ್ಟಿದ ಆಟಕ್ಕೆ ಈ ಉದಾರತೆ ಸಹಜವೇ. ಇನ್ನು ನೆಟ್ಟಿನ ಎತ್ತರ 15.25 ಸೆಂಟಿಮೀಟರ್, ಅಂದರೆ ಆರು ಅಂಗುಲ. ಮೂರಂಗುಲ ದಪ್ಪದ ನಮ್ಮ ಇಟ್ಟಿಗೆ ಎರಡನ್ನು ಒಂದರ ಮೇಲೊಂದು ಮಲಗಿಸಿದರೆ ಲೆಕ್ಕ ಸರಿಹೋಯಿತು.

ಆ ಶಾಲೆಯಲ್ಲಿ ನಾವಿಬ್ಬರು ಗೆಳತಿಯರು ಬ್ಯಾಗ್ ಇಲ್ಲದ ಒಂದು ಶನಿವಾರ ಡೆಸ್ಕುಗಳನ್ನು ಹೊಂಗೆ ಮರದ ಕೆಳಗೆ ಜೋಡಿಸಿ ಆಡಿದೆವು. ಮೊದಲು ಪರೀಕ್ಷೆಯ ಪ್ಯಾಡಿನಲ್ಲಿ, ಆಮೇಲೆ ಬಿಸಿಯೂಟದ ತಟ್ಟೆಯಲ್ಲಿ. ತಟ್ಟೆಯ 'ಠಣ್' ಸದ್ದಿಗೆ ಇಡೀ ಶಾಲೆ ಸೇರಿತು. ಚೆಂಡನ್ನು ಬೆರಳಿನಿಂದ ಒತ್ತಿ ಚಿಮ್ಮಿಸಿದರೆ ಮುಂದೆ ಓಡಿದ್ದು ತಾನಾಗಿ ಹಿಂದಕ್ಕೆ ಬರುವ ಆಟವನ್ನೂ ತೋರಿಸಿದೆವು. ಮಕ್ಕಳು ಅದನ್ನು ಮಂತ್ರ ಎಂದರು. ಹಿಮ್ಮೊಗ ತಿರುಗುವಿಕೆಗೂ ನೆಲದ ಘರ್ಷಣೆಗೂ ನಡೆಯುವ ಜಗಳ ಅದು ಎಂದು ನಾವಾಗಿ ಹೇಳಲಿಲ್ಲ. ಮರಳು ಹರಡಿದ ಕಡೆ ಅದು ಅಷ್ಟು ಚೆನ್ನಾಗಿ ತಿರುಗಿ ಬರುವುದಿಲ್ಲ ಎಂಬುದನ್ನು ಅವರೇ ಕಂಡುಕೊಂಡರು. ಸೋಮವಾರ ಒಂಬತ್ತನೇ ತರಗತಿಯಲ್ಲಿ 'ಕೆಲಸ ಮತ್ತು ಶಕ್ತಿ' ಪಾಠಕ್ಕೆ ಅದೇ ಚೆಂಡು ಬಂತು. 30ರಿಂದ ಬಿಟ್ಟರೆ 23ಕ್ಕೆ ಏಳುತ್ತದೆ, ಉಳಿದ ಏಳು ಸೆಂಟಿಮೀಟರಿನ ಶಕ್ತಿ ಎಲ್ಲಿಗೆ ಹೋಯಿತು? ಶೇಕಡ 23ರಷ್ಟು ಪ್ರಚ್ಛನ್ನ ಶಕ್ತಿ ಒಂದೇ ಪುಟಿತಕ್ಕೆ ಕೈಬಿಟ್ಟಿದೆ. 23ನ್ನು 30ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.88, ನೆಲ ಮುಟ್ಟಿದ ವೇಗದ ಅಷ್ಟು ಪಾಲು ವೇಗದಲ್ಲಿ ಚೆಂಡು ಮೇಲೇಳುತ್ತದೆ. ಸ್ಕೇಲು ಹಿಡಿದು ಡೆಸ್ಕು, ಸಿಮೆಂಟು ನೆಲ, ಮೆಟ್ಟಿಲಿನ ಕಲ್ಲು ಎಲ್ಲವನ್ನೂ ಅಳೆದರು. ಒಂದು ಅವಧಿ ಸಾಲಲಿಲ್ಲ.

ಆಕ್ಷೇಪಗಳೂ ಬಂದವು. 'ಏನಿದು ದೊಂಬರಾಟ?' ಎಂದರು ಒಬ್ಬ ಹಿರಿಯರು. ಆ ಮಾತಿನ ಬಗ್ಗೆ ಕೊಂಚ ನಿಲ್ಲಬೇಕೆನಿಸುತ್ತದೆ. ಹಗ್ಗದ ಮೇಲೆ ನಡೆದು, ಗಳ ಹತ್ತಿ, ಊರೂರು ತಿರುಗಿ ಹೊಟ್ಟೆ ಹೊರೆದ ಒಂದು ಸಮುದಾಯದ ವಿದ್ಯೆಯನ್ನು ನಾವು ಬೈಗುಳ ಮಾಡಿಕೊಂಡಿದ್ದೇವೆ. ಗುರುತ್ವ ಕೇಂದ್ರವನ್ನು ಕಪ್ಪುಹಲಗೆಯ ಮೇಲೆ ಬರೆಯುವ ನಾವು, ಅದನ್ನು ಅಂಗಾಲಿನಲ್ಲಿ ಬಲ್ಲವರ ಹೆಸರನ್ನು ಕೀಳು ಮಾತಿಗೆ ಬಳಸುವುದು ತರಗತಿಯಲ್ಲಂತೂ ಸಲ್ಲ. ಆ ಮಕ್ಕಳು ನಮ್ಮ ಬೆಂಚುಗಳಲ್ಲೇ ಕುಳಿತಿರಬಹುದು.

ದೈಹಿಕ ಶಿಕ್ಷಣ ಶಿಕ್ಷಕರೊಬ್ಬರ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ತಮಾಷೆಯಾಟದಿಂದ ಆಟಗಾರರು ತಯಾರಾಗುವುದಿಲ್ಲ, ಅದಕ್ಕೆ ದಿನಕ್ಕೆ ಗಂಟೆಗಟ್ಟಲೆ ಒಂದೇ ಹೊಡೆತದ ಅಭ್ಯಾಸ ಬೇಕು ಎಂದರು. ನಿಜ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಮಹಿಳಾ ತಂಡ ಕ್ವಾರ್ಟರ್ ಫೈನಲ್ ತಲುಪಿತು. ಜರ್ಮನಿಯೆದುರು 1-3ರಿಂದ ಸೋತ ಆ ಪಂದ್ಯದಲ್ಲಿ ನಮಗೆ ದಕ್ಕಿದ ಒಂದೇ ಗೆಲುವು ಬೆಂಗಳೂರಿನ ಅರ್ಚನಾ ಕಾಮತ್ ಅವರದು. ಅದು ಬೀದಿಯಾಟದಿಂದ ಬಂದದ್ದಲ್ಲ. ಆದರೆ ನಾನು ಕೇಳುತ್ತಿರುವುದು ಚಾಂಪಿಯನ್ನರನ್ನಲ್ಲ. ಅರ್ಚನಾ ಅವರ ಆಟವನ್ನು ಫೋನಿನಲ್ಲಿ ನೋಡಿ, ಒಮ್ಮೆಯೂ ಬ್ಯಾಟು ಮುಟ್ಟದೆ ಶಾಲೆ ಮುಗಿಸುವ ಹುಡುಗಿಯರ ಬಗ್ಗೆ ನನ್ನ ಚಿಂತೆ. ನಮ್ಮ ಆ ಶನಿವಾರ ಬ್ಯಾಟು ಮುಂದೆ ಚಾಚಿದಾಗ ಎಂಟು ಹುಡುಗರ ಕೈ ಒಟ್ಟಿಗೆ ಬಂದವು, ಹುಡುಗಿಯರು ಒಬ್ಬರ ಹಿಂದೊಬ್ಬರು ಸರಿದರು. ಆದ್ದರಿಂದ ನಿಯಮ ಒಂದನ್ನು ಈಗಲೇ ಬರೆದಿಡೋಣ: ಪ್ರದರ್ಶನ ಮುಗಿದ ಮೇಲೆ ಮೊದಲ ಬ್ಯಾಟು ಹುಡುಗಿಯರಿಗೆ, ತಾಯಂದಿರಿಗೆ. ಪಾಯಿಂಟು ಎಣಿಸುವುದು ಬೇಡ. ಸೋತವರು ಹೊರಗೆ ಎಂಬ ಆಟವೂ ಬೇಡ, ಅದರಲ್ಲಿ ಅಭ್ಯಾಸ ಬೇಕಾದವರೇ ಮೊದಲು ಹೊರಬೀಳುತ್ತಾರೆ. ಚೆಂಡು ಎಷ್ಟು ಸಲ ಆಚೀಚೆ ಹೋಯಿತು ಎಂದು ಸುತ್ತ ನಿಂತವರೆಲ್ಲ ಒಟ್ಟಾಗಿ ಎಣಿಸಲಿ. ಇಬ್ಬರು ಸೇರಿ ಇಪ್ಪತ್ತು ಮುಟ್ಟಿದರೆ ಸಾಕು.

ದಾರಿಯೂ ಕಣ್ಣ ಮುಂದೆಯೇ ಇದೆ. ಯಲಹಂಕದಿಂದ ಒಂದು ರೈಲು ಮಾರ್ಗ ದೊಡ್ಡಬಳ್ಳಾಪುರ, ಗೌರಿಬಿದನೂರಿನ ಕಡೆಗೆ, ಇನ್ನೊಂದು ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಗೆ ಹೋಗುತ್ತದೆ. ಶಿಬಿರದ ಐದು ದಿನದಲ್ಲಿ ಯಲಹಂಕದ ಹಳೆ ಊರು, ಉಪನಗರ ಸೇರಿಸಿ ಆರು ಜಾಗ ಮುಟ್ಟಬಹುದು. ಸಾಮಾನೆಲ್ಲ ಒಂದು ಬೆನ್ನುಚೀಲ, ಇಟ್ಟಿಗೆ ಆಯಾ ಊರಿನದು. ಚೆಂಡಿನ ತೂಕ 2.7 ಗ್ರಾಂ ಅಷ್ಟೇ, ಆಷಾಢದ ಗಾಳಿಯಲ್ಲಿ ಅದು ನಮ್ಮ ಮಾತು ಕೇಳುವುದಿಲ್ಲ. ಶಿಬಿರವನ್ನು ಡಿಸೆಂಬರಿಗೆ ಇಟ್ಟುಕೊಂಡು ಬೆಳಗಿನ ಹೊತ್ತು ಆಡುವುದು ಲೇಸು. ಅನುಮತಿ ಪತ್ರಗಳ ಕೆಲಸವನ್ನು ನಾನೇ ನೋಡಿಕೊಳ್ಳುತ್ತೇನೆ.

ಬೋಧಕರಲ್ಲಿ ಒಂದೇ ಕೋರಿಕೆ. ನಮ್ಮ ಪಾಠ ವೀಕ್ಷಣಾ ನಮೂನೆಯಲ್ಲಿ ಪೀಠಿಕೆ, ಕಪ್ಪುಹಲಗೆ ಬಳಕೆ, ಸಮಯ ಪಾಲನೆ, ಪಾಠೋಪಕರಣ ಎಲ್ಲಕ್ಕೂ ಅಂಕಗಳಿವೆ. ಒಂದು ಪ್ರಶ್ನೆ ಒಬ್ಬ ವಿದ್ಯಾರ್ಥಿಯೊಂದಿಗೆ ಗರಿಷ್ಠ ಎಷ್ಟು ಸಲ ಹೋಗಿ ಬಂತು ಎಂದು ಬರೆಯಲು ಒಂದು ಸಣ್ಣ ಚೌಕ ಸೇರಿಸಿ. ಅಂಕ ಬೇಡ, ಸಂಖ್ಯೆ ಸಾಕು. ಆ ಸೋಮವಾರದ ಪಾಠದಲ್ಲಿ ಅದು ಏಳು. ಏಳನೆಯದು ನನ್ನ ಪ್ರಶ್ನೆಯಾಗಿರಲಿಲ್ಲ. ಕಿಟಕಿಯ ಪಕ್ಕದ ಹುಡುಗ 'ಸದ್ದಾಯ್ತಲ್ಲ ಮಿಸ್, ಶಕ್ತಿ ಅದರಲ್ಲಿ ಹೋಯ್ತು' ಎಂದವನು, ತಾನೇ ಒಂದು ಕ್ಷಣ ಯೋಚಿಸಿ, 'ಹಂಗಾದ್ರೆ ಜಾಸ್ತಿ ಸದ್ದು ಮಾಡೋ ಕಡೆ ಚೆಂಡು ಕಮ್ಮಿ ಏಳಬೇಕಲ್ವಾ?' ಎಂದು ಕೇಳಿದ. ಅಷ್ಟರಲ್ಲಿ ಪಕ್ಕದ ಬೆಂಚಿನವಳು ಊಟದ ತಟ್ಟೆ ತರಲು ಎದ್ದಾಗಿತ್ತು.