ಗಡಿಯ ಠಾಣೆಯೂ ಅನ್ಯರ ಪೊಟ್ಟಣವೂ

ಗೂಡಲೂರಿನಿಂದ ಹೊರಡುವ ದಾರಿಗಳನ್ನು ಕಪ್ಪುಹಲಗೆಯ ಮೇಲೆ ಬರೆಯಹೇಳಿದರೆ ನಮ್ಮ ಮಕ್ಕಳು ತಡವರಿಸದೆ ಬರೆಯುತ್ತಾರೆ. ಉತ್ತರಕ್ಕೆ ತೆಪ್ಪಕಾಡಿನ ಮೂಲಕ ಗುಂಡ್ಲುಪೇಟೆ; ವಾಯವ್ಯಕ್ಕೆ ಪಾಟವಯಲಿನ ಮೂಲಕ ಸುಲ್ತಾನ್ ಬತ್ತೇರಿ; ನೈಋತ್ಯಕ್ಕೆ ನಾಡುಗಾಣಿ ಘಟ್ಟವಿಳಿದು ನಿಲಂಬೂರು; ಆಗ್ನೇಯಕ್ಕೆ ನಡುವಟ್ಟ ಹತ್ತಿ ಉದಕಮಂಡಲ. ಒಂದೇ ಹಗಲಿನಲ್ಲಿ ಮೂರು ರಾಜ್ಯಗಳ ನೆಲವನ್ನು ಮೆಟ್ಟಬಹುದಾದ ಈ ಅನುಕೂಲವು ಗಾಂಜಾ ಸಾಗಿಸುವವನಿಗೂ ಒದಗುತ್ತದೆ. ಗಡಿ ದಾಟಿದರೆ ಪೊಲೀಸರು ಬದಲಾಗುತ್ತಾರೆ. ಕಾನೂನು ಮಾತ್ರ ಬದಲಾಗದು, ಅದು ಕೇಂದ್ರದ್ದು.

ಇದೇ ಭೂಗೋಳವು ಅವನ ಕೈಯನ್ನು ಕಟ್ಟುವುದೂ ಉಂಟು. ಕರ್ನಾಟಕದಿಂದ ನೀಲಗಿರಿಗೆ ನೇರವಾಗಿ ಬರುವ ಹೆದ್ದಾರಿ ಒಂದೇ. ಬಂಡೀಪುರ, ಮುದುಮಲೆಗಳ ಕಾಡಿನ ನಡುವೆ ಅದು ಕೆಕ್ಕನಹಳ್ಳದಲ್ಲಿ ಗಡಿ ದಾಟುತ್ತದೆ. (ಹೆಸರಿನಲ್ಲಿರುವುದು ನಮ್ಮ ಕನ್ನಡದ ಹಳ್ಳವೇ, ಅನ್ಯರ ಬಾಯಲ್ಲಿ ಅದು ‘ಕಕ್ಕನಲ್ಲ’ ಆಗಿರುವುದನ್ನು ಕೇಳಿ ನಾವು ನಗುವುದುಂಟು.) 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಬಂಡೀಪುರದ ದಾರಿ ಸಾಮಾನ್ಯ ವಾಹನಗಳಿಗೆ ಮುಚ್ಚಿರುತ್ತದೆ. ಆನೆ, ಜಿಂಕೆಗಳ ರಕ್ಷಣೆಗಾಗಿ ಬಂದ ಈ ನಿಯಮವು ಕಳ್ಳಸಾಗಣೆಯವನಿಂದ ಕತ್ತಲೆಯ ಆಸರೆಯನ್ನೂ ಕಿತ್ತುಕೊಂಡಿದೆ. ಮುಂದೆ ತೆಪ್ಪಕಾಡಿನಲ್ಲಿ ದಾರಿ ಕವಲಾಗುತ್ತದೆ: ಒಂದು ಗೂಡಲೂರಿಗೆ, ಇನ್ನೊಂದು ಮಸಿನಗುಡಿಗೆ, ಅಲ್ಲಿಂದ ಕಲ್ಲಟ್ಟಿಯ 36 ತಿರುವುಗಳಿಗೆ. ಪಕ್ಕಕ್ಕೆ ಸರಿಯಲು ವಾಹನಕ್ಕೆ ಎಡೆಯಿಲ್ಲ. ಹಿಂದಿನ ಠಾಣೆಯಿಂದ ಸುದ್ದಿ ಬಂದರೆ ಮುಂದಿನವರು ಕಾದಿದ್ದರಾಯಿತು. ಪಂದಲೂರಿನ ಕಡೆ, ಕೇರಳದ ಅಂಚಿನ ಚಹಾತೋಟಗಳ ನಡುವೆ, ಇಷ್ಟು ಸುಲಭವಲ್ಲ. ಅಲ್ಲಿ ದಾರಿಗಳು ಹಲವು.

ಸ್ವಂತ ವಾಹನ ಅಪಾಯವೆಂದಾದಾಗ ಅನ್ಯರ ಕೈಚೀಲವೇ ಕ್ಷೇಮವೆಂದು ಅಂಥವನಿಗೆ ತೋರುವುದು ಸಹಜ. ನಮ್ಮ ಚಿಂತೆ ಇಲ್ಲಿಯೇ. ಹೆಣ್ಣು ಕೊಟ್ಟು ತಂದ ಸಂಬಂಧಗಳಿಂದಲೂ ಓದಿನಿಂದಲೂ ನಮ್ಮ ಮನೆಗಳವರು ಮೈಸೂರು, ಗುಂಡ್ಲುಪೇಟೆಗಳ ಬಸ್ಸು ಹತ್ತುತ್ತಲೇ ಇರುತ್ತಾರೆ. “ಗೂಡಲೂರಿನಲ್ಲಿ ನಮ್ಮವರು ಬಂದು ಇಸಿದುಕೊಳ್ಳುತ್ತಾರೆ, ತಮ್ಮಾ” ಎಂದು ಯಾರೋ ಪೊಟ್ಟಣ ಕೊಟ್ಟರೆ ಇಲ್ಲವೆನ್ನಲು ಹುಡುಗರಿಗೆ ದಾಕ್ಷಿಣ್ಯ. ಆದರೆ 1985ರ ಮಾದಕವಸ್ತು ಕಾಯಿದೆಯಡಿ ವಸ್ತು ಯಾರ ವಶದಲ್ಲಿ ಸಿಕ್ಕಿತೋ ಅವನಿಗೆ ಅದರ ಅರಿವಿತ್ತೆಂದೇ ನ್ಯಾಯಾಲಯವು ಭಾವಿಸುತ್ತದೆ. ಅರಿವಿರಲಿಲ್ಲವೆಂದು ಸಾಬೀತುಪಡಿಸುವ ಹೊಣೆ ಅವನದೇ. ಗಾಂಜಾ 1 ಕಿಲೋದೊಳಗಿದ್ದರೂ ವರ್ಷದವರೆಗೆ ಸಜೆಯಾಗಬಹುದು. 20 ಕಿಲೋ ಮೀರಿದರೆ 10 ವರ್ಷಕ್ಕೆ ಕಡಿಮೆಯಿಲ್ಲ. ಬಿಚ್ಚಿ ತೋರಿಸದ ಪೊಟ್ಟಣವನ್ನು, ಕೊಟ್ಟವರು ನೆಂಟರ ನೆಂಟರೇ ಆಗಿರಲಿ, ಮುಟ್ಟಬೇಡಿರೆಂದು ಮಕ್ಕಳಿಗೆ ಹೊರಡುವಾಗಲೇ ಹೇಳಿ ಕಳುಹಿಸಬೇಕು.

ಠಾಣೆಯಲ್ಲಿ ಬಸ್ಸು ನಿಂತಾಗ ಗಾಬರಿಪಡಬೇಕಾಗಿಲ್ಲ. ಮಾದಕವಸ್ತುವಿನ ಸಂಶಯದಿಂದ ಮೈಶೋಧನೆ ಮಾಡುವುದಾದರೆ ಅದು ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ನಡೆಯಲೆಂದು ಕೇಳುವ ಹಕ್ಕು ಪ್ರಯಾಣಿಕನಿಗಿದೆ. ಹೆಂಗಸರನ್ನು ಹೆಂಗಸರೇ ಶೋಧಿಸಬೇಕು. ಈ ಹಕ್ಕು ಮೈಶೋಧನೆಗೆ ಮಾತ್ರ, ಕೈಚೀಲಕ್ಕೆ ಅನ್ವಯಿಸದು.