ನಾಣಿಯ ಕಥೆಗೆ ಬೀಗ ಬೇಡ

ಹನಗೋಡು ಹೋಬಳಿಯ ಹಾಗೂ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ತಂದೆತಾಯಿಗಳಲ್ಲಿ, ಮೇಷ್ಟರುಗಳಲ್ಲಿ, ಹಾಸ್ಟೆಲ್ ವಾರ್ಡನ್‌ಗಳಲ್ಲಿ ಒಂದು ವಿನಂತಿ

ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಮಕ್ಕಳು ಓದುವಂಥದ್ದಲ್ಲ ಎನ್ನುವವರು ಇದ್ದಾರೆ. ವಿಧವೆಯೊಬ್ಬಳು ಬಸಿರಾಗುತ್ತಾಳೆ, ಬಸಿರು ಇಳಿಸಿಕೊಳ್ಳಲು ಹೋಗಿ ಸಿಕ್ಕಿಬೀಳುತ್ತಾಳೆ, ಕುಲದಿಂದ ಹೊರಬೀಳುತ್ತಾಳೆ. ಇದನ್ನೆಲ್ಲ ಹದಿನಾಲ್ಕು ಹದಿನೈದರ ಹುಡುಗ ಹುಡುಗಿಯರು ಓದಿದರೆ ಅವರ ಮುಗ್ಧತೆ ಉಳಿದೀತೇ ಎಂದು ಕೇಳುವವರು ಕೆಟ್ಟವರೇನಲ್ಲ, ಮಕ್ಕಳ ಮೇಲಿನ ಅಕ್ಕರೆಯಿಂದಲೇ ಕೇಳುತ್ತಾರೆ. ಆದರೆ ಕಥೆಯನ್ನು ಕೊನೆತನಕ ಓದಿದವರು ಇನ್ನೊಂದನ್ನು ಗಮನಿಸುತ್ತಾರೆ. ಅದರೊಳಗಿನ ಹುಡುಗ ನಾಣಿ ಕಾಣಬಾರದ್ದನ್ನು ಕಂಡ, ನಿಜ. ಕಂಡದ್ದನ್ನು ಹೇಳಿಕೊಳ್ಳಲು ಅವನಿಗೆ ಒಬ್ಬ ದೊಡ್ಡವರೂ ಇರಲಿಲ್ಲ. ಅವನ ಬಾಲ್ಯ ಮುರಿದದ್ದು ಆ ಮೌನದಲ್ಲಿ ಎಂಬುದು ಈ ಕರಪತ್ರದ ವಾದ. ಹಾಗಿದ್ದ ಮೇಲೆ ಅವನ ಕಥೆಯನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ನಾವೂ ಅವನಿದ್ದ ಅಗ್ರಹಾರದವರ ಸಾಲಿಗೇ ಸೇರುತ್ತೇವೆ.

ಕಥೆ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ನಾಣಿ ಮಲೆನಾಡಿನ ಅಗ್ರಹಾರವೊಂದಕ್ಕೆ ವೇದಪಾಠಕ್ಕೆಂದು ಬಂದ ಪುಟ್ಟ ಹುಡುಗ. ಪಾಠ ಹೇಳುವವರು ಉಡುಪರು. ಅವರ ಮಗಳು ಯಮುನಕ್ಕ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಮನೆಯ ನೆನಪಾಗಿ ಅಳುವ, ದೊಡ್ಡ ಹುಡುಗರ ಕಾಟಕ್ಕೆ ಸಿಕ್ಕಿ ಒದ್ದಾಡುವ ನಾಣಿಗೆ ತಾಯಿಯಂತೆ ಒದಗುವವಳು ಅವಳೊಬ್ಬಳೇ. ಅವಳ ಹೊಟ್ಟೆಯಲ್ಲಿ ಶಾಲೆಯ ಮೇಷ್ಟ್ರ ಕೂಸು ಬೆಳೆಯುತ್ತಿದ್ದಂತೆ ಅಗ್ರಹಾರದಲ್ಲಿ ಗುಸುಗುಸು ಹಬ್ಬುತ್ತದೆ. ಎಲ್ಲರಿಗೂ ಗೊತ್ತು, ಎದುರಿಗೆ ಯಾರೂ ಬಾಯಿಬಿಡುವುದಿಲ್ಲ. ಬದುಕು ಸಾಕಾಗಿ ಅವಳು ಹುತ್ತದೊಳಗೆ ಕೈ ಹಾಕುವ ಹೊತ್ತಿಗೂ ಹತ್ತಿರವಿರುವುದು ಈ ಹುಡುಗನೇ. ನಡೆಯುತ್ತಿರುವುದರ ಅರ್ಥ ಅವನಿಗೆ ಅರೆಬರೆ, ಹೆದರಿಕೆ ಮಾತ್ರ ಪೂರ್ತಿ. ಕೊನೆಗೆ ಉಡುಪರು ಬದುಕಿರುವ ಮಗಳಿಗೇ ಶ್ರಾದ್ಧ ಮಾಡಿ ಮುಗಿಸುತ್ತಾರೆ. ಗಿರೀಶ ಕಾಸರವಳ್ಳಿಯವರು 1977ರಲ್ಲಿ ಇದನ್ನು ಸಿನಿಮಾ ಮಾಡಿದಾಗ ಕೊನೆಯಲ್ಲಿ ತೋರಿಸಿದ್ದು ಇಷ್ಟು: ಅಪ್ಪನ ಜೊತೆ ಊರು ಬಿಡುತ್ತಿರುವ ನಾಣಿ, ತಲೆ ಬೋಳಿಸಿಕೊಂಡು ಮರದಡಿ ಒಂಟಿಯಾಗಿ ಕೂತ ಯಮುನಕ್ಕ. ಹುಡುಗನನ್ನು ಕೂರಿಸಿಕೊಂಡು ಆದದ್ದೇನು ಎಂದು ಬಿಡಿಸಿ ಹೇಳುವ ಒಂದು ಜೀವವೂ ಆ ಊರಲ್ಲಿಲ್ಲ.

ಅಗ್ರಹಾರದ ಕಥೆ ಕಟ್ಟಿಕೊಂಡು ರಾಗಿ, ಹೊಗೆಸೊಪ್ಪು ಬೆಳೆಯುವ ನಮಗೇನಾಗಬೇಕು ಎಂದು ಕೇಳಬಹುದು. ಜನಿವಾರ ನೋಡಿದರೆ ನಾಣಿ ದೂರದವನೇ. ಆದರೆ ಅವನು ಹಾಸ್ಟೆಲ್ ಹುಡುಗ. ಹಾಗೆ ನೋಡಿದ ಕ್ಷಣ ಅವನು ನಮ್ಮವನಾಗುತ್ತಾನೆ. ನಾಗರಹೊಳೆಯ ಅಂಚಿನ ಹಾಡಿಯಿಂದ ಆರೇಳು ವರ್ಷಕ್ಕೇ ಆಶ್ರಮ ಶಾಲೆಗೆ ಬರುವ ಜೇನುಕುರುಬರ ಕೂಸಿಗೆ ಮನೆಯಷ್ಟೇ ಅಲ್ಲ, ಮನೆಯ ಮಾತೂ ಹಿಂದೆ ಉಳಿಯುತ್ತದೆ. ತರಗತಿಯ ಕನ್ನಡ ಬೇರೆ, ಅವ್ವ ಆಡುವ ನುಡಿ ಬೇರೆ. ಆರನೇ ತರಗತಿಗೆ ಮೊರಾರ್ಜಿ ದೇಸಾಯಿ ವಸತಿ ಶಾಲೆ ಸೇರುವ ಮಗು, ಪಿಯುಸಿಗೆಂದು ಹುಣಸೂರಿನ ಹಾಸ್ಟೆಲ್ಲಿಗೆ ಬರುವ ಹಳ್ಳಿ ಹುಡುಗಿ, ಇವರೆಲ್ಲರೂ ಒಂದು ಟ್ರಂಕು, ಒಂದು ತಟ್ಟೆ, ಒಂದು ಲೋಟ ಹಿಡಿದು ಗುರುತಿಲ್ಲದವರ ನಡುವೆ ಮಲಗಲು ಕಲಿಯಬೇಕು. ಮನೆಯಲ್ಲೇ ಇರುವ ಮಕ್ಕಳ ಪಾಡೂ ಅಷ್ಟೇನೂ ಬೇರೆಯಲ್ಲ. ಸೊಪ್ಪು ಬೇಯಿಸುವ ಕಾಲದಲ್ಲಿ ದೊಡ್ಡವರ ರಾತ್ರಿಯೆಲ್ಲ ಬ್ಯಾರನ್ನಿನ ಬೆಂಕಿ ಕಾಯುವುದರಲ್ಲೇ ಹೋಗುತ್ತದೆ. ಹಗಲು ಕಡ್ಡಿಗೆ ಸೊಪ್ಪು ಕಟ್ಟಲು ಮಕ್ಕಳ ಬೆರಳೂ ಬೇಕು; ಕೈಗೆ ಮೆತ್ತಿದ ಅಂಟು ಸೋಪಿಗೂ ಸುಲಭಕ್ಕೆ ಬಿಡದು. ಆ ತಿಂಗಳುಗಳಲ್ಲಿ ಮಗುವನ್ನು ‘ಏನಾಯ್ತೋ, ಯಾಕೋ ಮಂಕಾಗಿದ್ದೀಯ’ ಎಂದು ಕೇಳಲು ಯಾರಿಗೆ ಪುರುಸೊತ್ತು? ಕುಡಿತ, ಜಗಳ, ಓದುತ್ತಿದ್ದ ಅಕ್ಕನಿಗೆ ಅವಸರದಲ್ಲಿ ಗೊತ್ತಾದ ಗಂಡು, ಇದೆಲ್ಲ ಮಕ್ಕಳ ಕಣ್ಣಿಗೆ ಬೀಳದೆ ನಡೆಯುತ್ತದೆ ಎಂದು ನಂಬುವವರು ತಮ್ಮ ನೆಮ್ಮದಿಗಾಗಿ ನಂಬುತ್ತಾರೆ.

ಇದೇ ತಕರಾರು ಅಮೆರಿಕದಲ್ಲೂ ನಡೆದಿದೆ. ಜೆ.ಡಿ. ಸ್ಯಾಲಿಂಜರ್ 1951ರಲ್ಲಿ ಪ್ರಕಟಿಸಿದ ‘ದಿ ಕ್ಯಾಚರ್ ಇನ್ ದ ರೈ’ ಕಾದಂಬರಿಯ ಹೋಲ್ಡನ್ ಕೂಡ ವಸತಿ ಶಾಲೆಯ ಹುಡುಗನೇ, ಅಲ್ಲಿಂದ ಹೊರಹಾಕಿಸಿಕೊಂಡವನು. ತೀರಿಹೋದ ತಮ್ಮನ ದುಃಖ ಎದೆಯಲ್ಲಿಟ್ಟುಕೊಂಡು ನ್ಯೂಯಾರ್ಕಿನ ಬೀದಿ ಅಲೆಯುತ್ತಾನೆ, ಸಿಕ್ಕಸಿಕ್ಕವರಿಗೆ ಫೋನ್ ಮಾಡುತ್ತಾನೆ, ಅವನ ಮಾತು ಪೂರ್ತಿ ಕೇಳಿಸಿಕೊಳ್ಳುವವರು ಸಿಗುವುದಿಲ್ಲ. ದೊಡ್ಡವರ ಲೋಕವೆಲ್ಲ ನಾಟಕ ಎಂದು ಬೈಯುವ ಹುಡುಗ ಕಡೆಗೆ ಮನಸ್ಸು ಬಿಚ್ಚುವುದು ಪುಟ್ಟ ತಂಗಿಯ ಮುಂದೆ. ಬೈಗುಳ ಇದೆ, ಲೈಂಗಿಕ ಪ್ರಸ್ತಾಪ ಇದೆ ಎಂದು ಎಷ್ಟೋ ಶಾಲೆಗಳು ಇದನ್ನು ಹೊರಗಿಟ್ಟವು. ಪಾಠಕ್ಕೆ ಇಟ್ಟ ತಪ್ಪಿಗೆ 1960ರಲ್ಲಿ ಟಲ್ಸಾ ನಗರದ ಶಿಕ್ಷಕಿಯೊಬ್ಬರು ಕೆಲಸ ಕಳೆದುಕೊಂಡು, ಆಮೇಲೆ ಮರಳಿ ಪಡೆದರು. 1980ರಲ್ಲಿ ಗಾಯಕ ಜಾನ್ ಲೆನನ್‌ನನ್ನು ಕೊಂದವನ ಕೈಯಲ್ಲಿ ಈ ಪುಸ್ತಕವೇ ಇತ್ತು ಎಂಬುದನ್ನು ವಿರೋಧಿಗಳು ಇಂದಿಗೂ ಎತ್ತಿ ಆಡುತ್ತಾರೆ. ಇದ್ದದ್ದು ಹೌದು. ಕೋಟಿಗಟ್ಟಲೆ ಪ್ರತಿ ಖರ್ಚಾದ ಪುಸ್ತಕಕ್ಕೆ ಒಬ್ಬ ಕೊಲೆಗಾರನ ಪಾಪ ಹೊರಿಸುವುದು ಯಾವ ಲೆಕ್ಕದಲ್ಲೂ ಕೂಡಿಬರುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮಕ್ಕಳ ರಕ್ಷಣೆಗೆ 2012ರಿಂದ ಪೋಕ್ಸೊ ಕಾಯ್ದೆ ಇದೆ, ಬಾಲ್ಯವಿವಾಹ ತಡೆಯಲು 2006ರ ಕಾಯ್ದೆ ಇದೆ, ಸಹಾಯವಾಣಿ 1098 ಶಾಲೆಯ ಗೋಡೆಯ ಮೇಲೇ ಬರೆದಿದೆ. ತಿಳಿವಳಿಕೆ ಕೊಡಲು ಇಷ್ಟಿರುವಾಗ ಕಥೆ ಏಕೆ? ಕಾಯ್ದೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ನಂಬರಿಗೆ ಫೋನ್ ಮಾಡಲು ಮಗುವಿಗೆ ಮೊದಲು ತನಗೆ ಆಗುತ್ತಿರುವುದಕ್ಕೆ ಒಂದು ಮಾತು ಬೇಕು. ನಾಣಿಗೆ ಇಲ್ಲದೆ ಹೋದದ್ದು ಅದೇ. ಹೆದರಿಕೆ ಬೇರೆ, ನಾಚಿಕೆ ಬೇರೆ, ಅಕ್ಕರೆಯಿಂದ ಗುಟ್ಟು ಕಾಪಾಡುವುದು ಬೇರೆ, ಹೆದರಿಸಿ ಬಾಯಿ ಮುಚ್ಚಿಸಿದ್ದು ಬೇರೆ ಎಂಬ ವಿವೇಚನೆ ಗೋಡೆಬರಹದಿಂದ ಬರುವುದಿಲ್ಲ. ಇನ್ನೊಬ್ಬರ ಸಂಕಟವನ್ನು ಹತ್ತಿರದಿಂದ ಓದಿದಾಗ, ಓದಿದ್ದನ್ನು ಮಾತಾಡಿದಾಗ ಬರುತ್ತದೆ.

ಒಂದು ಸಮುದಾಯದ ಮಾನ ಕಳೆಯುವ ಕಥೆ ಇದು ಎಂಬ ದೂರಿಗೆ ಹೆಚ್ಚು ಹೊತ್ತು ಬೇಕಿಲ್ಲ. ಬರೆದವರು ಅದೇ ಮಲೆನಾಡಿನ ಬ್ರಾಹ್ಮಣ ಮನೆಯಲ್ಲಿ ಹುಟ್ಟಿ, ನಮ್ಮ ಮೈಸೂರಿನಲ್ಲಿ ಓದಿ, ಪಾಠ ಮಾಡಿದವರು. 1994ರಲ್ಲಿ ಜ್ಞಾನಪೀಠ ಬಂತು. ಸಿನಿಮಾಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ, ನಾಣಿಯಾದ ಹುಡುಗ ಅಜಿತ್ ಕುಮಾರನಿಗೆ ಬಾಲನಟ ಪ್ರಶಸ್ತಿ. 2024ರಲ್ಲಿ ಹಳೆಯ ಪ್ರತಿಯನ್ನು ಸರಿಪಡಿಸಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ವೆನಿಸ್ಸಿನವರು ನೋಡಿದ್ದನ್ನು ವೀರನಹೊಸಹಳ್ಳಿಯ ಹುಡುಗಿ ಓದಬಾರದೇ? ಅಲ್ಲದೆ ಕುಲದಿಂದ ಹೊರಗಿಡುವ ಚಾಳಿ ಒಂದೇ ಜಾತಿಯ ಸೊತ್ತಲ್ಲ ಎಂಬುದು ಪಂಚಾಯಿತಿ ಕಟ್ಟೆ ಕಂಡ ಎಲ್ಲರಿಗೂ ಗೊತ್ತು. ಜೊತೆಗೆ ನಂಜನಗೂಡು ಸೀಮೆಯ ದೇವನೂರ ಮಹಾದೇವರ ‘ಒಡಲಾಳ’ವನ್ನೂ ಇಡಿ. ಕದ್ದ ಕಡ್ಲೆಕಾಯಿಯನ್ನು ರಾತ್ರೋರಾತ್ರಿ ಮಕ್ಕಳು ಮರಿಯೆಲ್ಲ ಕೂತು ತಿಂದು ಮುಗಿಸುವ ಸಾಕವ್ವನ ಮನೆಯಲ್ಲಿ ಬಡತನ, ಭಯ, ನಗು ಎಲ್ಲ ಒಂದೇ ಬೆಂಕಿಯ ಸುತ್ತ ಕೂತಿವೆ. ಅದರ ಮಾತು ನಮ್ಮ ಮಕ್ಕಳು ಮನೆಯಲ್ಲಿ ಕೇಳುವ ಮಾತಿಗೆ ತೀರಾ ಹತ್ತಿರ.

ವಿರೋಧಿಗಳ ಒಂದು ಮಾತನ್ನು ಮಾತ್ರ ಒಪ್ಪಲೇಬೇಕು. ತನ್ನ ಮನೆಯಲ್ಲೇ ಇಂಥದ್ದು ನಡೆಯುತ್ತಿರುವ ಮಗು ಈ ಪುಟಗಳನ್ನು ಒಂಟಿಯಾಗಿ ಓದಿದರೆ ನಡುಗೀತು. ಆದ್ದರಿಂದ ಐದನೇ ತರಗತಿಗೆ ಕೊಡಿ ಎಂದು ಯಾರೂ ಹೇಳುತ್ತಿಲ್ಲ. ಒಂಬತ್ತನೇ ತರಗತಿಯಿಂದ ಮೇಲಕ್ಕೆ ಕೊಡಿ. ಮೇಷ್ಟರೋ ವಾರ್ಡನ್ನೋ ಗ್ರಂಥಾಲಯದ ಮೇಲ್ವಿಚಾರಕರೋ ತಾವು ಮೊದಲು ಓದಿಕೊಳ್ಳಲಿ. ವಾರಕ್ಕೊಂದು ಸಂಜೆ ಮಕ್ಕಳೊಂದಿಗೆ ಕೂತು ಮಾತಾಡಲಿ. ದಯವಿಟ್ಟು ಪ್ರಶ್ನೋತ್ತರ ಬರೆಸಬೇಡಿ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಕಟ್ಟುತ್ತಲೇ ಇದ್ದೇವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಶುಲ್ಕವಿಲ್ಲದೆ ಸದಸ್ಯರನ್ನಾಗಿ ಮಾಡಿಕೊಂಡಿದ್ದಾರೆ. ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಅರ್ಜಿಗಳ ಜೊತೆಗೆ ಇದನ್ನೂ ಕೊಡಿ: ‘ಘಟಶ್ರಾದ್ಧ’ ಇರುವ ಕಥಾಸಂಕಲನ, ‘ಒಡಲಾಳ’, ತಲಾ ಐದು ಪ್ರತಿ. ಒಂದೇ ಪ್ರತಿ ತರಿಸಿದರೆ ಅದು ಜೋಪಾನದ ನೆಪದಲ್ಲಿ ಮತ್ತೆ ಬೀರು ಸೇರುತ್ತದೆ.