ಮಗ್ಗ ನಮ್ಮದು, ರಟ್ಟು ಯಾರದು?

ಬೆಟಗೇರಿಯಲ್ಲಿ ನಮ್ಮ ಕಾಕಾನ ಮಗ್ಗದ ಮೇಲೆ ತೂತು ಹೊಡೆದ ರಟ್ಟುಗಳ ಸಾಲು ಜೋತಾಡ್ತಿತ್ತು. ಜಕಾರ್ಡ್. ತೂತಿದ್ದಲ್ಲಿ ಸೂಜಿ ಒಳಹೋಗುತ್ತೆ, ಆ ಎಳೆ ಮೇಲೇಳುತ್ತೆ. ರಟ್ಟು ಬದಲಿಸಿದರೆ ಅದೇ ಮಗ್ಗ ಬೇರೆ ಸೆರಗು ನೇಯುತ್ತೆ. ಎಫ್‌ಪಿಜಿಎ ಚಿಪ್ ಅರ್ಥ ಆಗಬೇಕಂದ್ರೆ ಇಷ್ಟು ಸಾಕು. 1985ರಲ್ಲಿ ಝೈಲಿಂಕ್ಸ್ ಕಂಪನಿ ಮಾರುಕಟ್ಟೆಗೆ ತಂದ ಈ ಚಿಪ್‌ನ ಸರ್ಕೀಟು ಕಾರ್ಖಾನೆಯಲ್ಲೇ ಗಟ್ಟಿಯಾಗಿ ಕೂತುಬಿಡುವುದಿಲ್ಲ. ಸೊನ್ನೆ-ಒಂದುಗಳ ಒಂದು ಫೈಲ್ ತುಂಬಿದಾಗ ಅದು ರೂಪ ತಾಳುತ್ತದೆ, ಬೇರೆ ಫೈಲ್ ತುಂಬಿದರೆ ಬೇರೆ ರೂಪ.

ತೊಡಕು ಇರೋದು ತುಂಬೋದರಲ್ಲಿ. ಲಕ್ಷಾಂತರ ಬಿಟ್‌ಗಳು ಹೊರಗಿನ ಮೆಮೊರಿಯಿಂದ ಕೆಲವೇ ತಂತಿಗಳಲ್ಲಿ ಸಾಲುಗಟ್ಟಿ ಬರಬೇಕು. ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಡೆಮೆಟ್ರಿ ಸಾಲ್ಟಿಸ್ ತಂಡ, ಆಮೇಲೆ ಜಪಾನಿನಲ್ಲಿ ಮಿನೋರು ವಟನಾಬೆ ಬೇರೆ ದಾರಿ ಹಿಡಿದರು. ಹಲವು ಸರ್ಕೀಟುಗಳನ್ನು ಹೊಲೊಗ್ರಾಮ್‌ನಲ್ಲಿ ಇಟ್ಟು ಲೇಸರ್ ಹಾಯಿಸಿದರೆ, ಚಿಪ್ ಮೇಲಿನ ಫೋಟೊಡಯೋಡ್‌ಗಳು ಇಡೀ ನಕ್ಷೆಯನ್ನು ಒಂದೇ ಏಟಿಗೆ ಓದಿಕೊಳ್ಳುತ್ತವೆ. ಹೊಲೊಗ್ರಾಮ್ ಒಂದಷ್ಟು ಕೆಟ್ಟರೂ ಚಿತ್ರ ಮೂಡುತ್ತೆ, ಹಾಗಾಗಿ ವಿಕಿರಣ ಇರುವ ಜಾಗಗಳಿಗೆ ಇದರ ಮೇಲೆ ಕಣ್ಣು. ಆದರೆ ಎಲ್ಲವನ್ನೂ ಕೂದಲೆಳೆ ಆಚೀಚೆಯಾಗದಂತೆ ಜೋಡಿಸಬೇಕು, ಫೋಟೊಡಯೋಡ್‌ಗಳೇ ಚಿಪ್‌ನ ಜಾಗ ತಿನ್ನುತ್ತವೆ. ಅಂಗಡಿಗೆ ಬರುವಷ್ಟು ಇದು ಬೆಳೆದಿಲ್ಲ.

ಕಾಕಾನಿಗೆ ಇದನ್ನೆಲ್ಲ ಹೇಳಿದೆ. "ಬೆಳಕಿನಾಗ ರಟ್ಟು ಬದ್ಲಿ ಮಾಡ್ತಾರಂದ್ರ ಛಲೋನ ಆತು. ಆದ್ರ ತಮ್ಮಾ, ರಟ್ಟು ಹೊಡ್ಯಾವ್ರು ಯಾರು?" ಅಂದ.

ನಮ್ಮ ರಾಜಕೀಯ ಕೇಳದೇ ಇರುವ ಪ್ರಶ್ನೆ ಇದು. ಚಿಪ್ ಘಟಕಗಳು ಗುಜರಾತಿಗೆ, ಅಸ್ಸಾಮಿಗೆ ಹೋದವು ಎಂಬ ಜಗಳ ನ್ಯಾಯವಾದದ್ದೇ. ಆದರೆ 2022ರಲ್ಲಿ ಝೈಲಿಂಕ್ಸನ್ನು ಕೊಂಡ ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರ ತೆರೆದದ್ದು ಬೆಂಗಳೂರಲ್ಲೇ, 2023ರಲ್ಲಿ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಹುಡುಗ ಹುಡುಗಿಯರು ಬಿಇ ಮುಗಿಸಿ ಬಸ್ ಹತ್ತೋದು ಇಂಥ ಕೆಲಸಗಳ ಆಸೆಗೇ. ದುಡಿಮೆ ನಮ್ಮದು, ಹಕ್ಕು ಅವರದು. ಅಷ್ಟೇ ಅಲ್ಲ, ಚಿಪ್‌ಗೆ ತುಂಬುವ ಫೈಲ್‌ನ ಒಳರಚನೆಯನ್ನೂ ಕಂಪನಿಗಳು ಪೂರ್ತಿ ಬಿಚ್ಚಿಡೋದಿಲ್ಲ. ಅವರ ಸಾಫ್ಟ್‌ವೇರ್‌ನಲ್ಲೇ ಅದು ತಯಾರಾಗಬೇಕು. ಲೇಸರ್ ಬಂದರೂ ಈ ಬೀಗ ತಾನಾಗಿ ತೆರೆಯಲ್ಲ.

ತೆರೆದವರು ಇದ್ದಾರೆ. 2015ರಲ್ಲಿ ಐಸ್‌ಸ್ಟಾರ್ಮ್ ಯೋಜನೆಯವರು ಲ್ಯಾಟಿಸ್ ಕಂಪನಿಯ ಸಣ್ಣ ಎಫ್‌ಪಿಜಿಎಗಳ ಫೈಲ್ ರಚನೆಯನ್ನು ತಾವೇ ಬಿಡಿಸಿ, ಮುಕ್ತ ತಂತ್ರಾಂಶ ಕೊಟ್ಟರು. ಆ ಬೋರ್ಡುಗಳನ್ನು ಜಿಲ್ಲೆಯ ಡಿಪ್ಲೊಮಾ ಕಾಲೇಜುಗಳಿಗೆ ತರಿಸಲು ಸಾವಿರಾರು ಕೋಟಿ ಬೇಕಿಲ್ಲ. ಮುಂದಿನ ಸಲ ನಿಮ್ಮ ಶಾಸಕರು ಸೆಮಿಕಂಡಕ್ಟರ್ ಬಗ್ಗೆ ಭಾಷಣ ಮಾಡಿದಾಗ, ಅದನ್ನ ಕೇಳ್ರಿ.